ಮಂಡಿಪೇಟೆ ಗಲ್ಲೀಲಿ ಸ್ಯಾಕ್ಸೋಫೋನ್ ರಿಪೇರಿ, ಅದೂ ಪಂಕ್ ಬ್ಯಾಂಡಿಗೆ

ಪೂರ್ತಿ ಓದೋಕೆ ಟೈಮಿಲ್ಲ ಅನ್ನೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ತುಮಕೂರು, ಗುಬ್ಬಿ, ಶಿರಾ, ಕುಣಿಗಲ್, ಮಧುಗಿರಿ ಕಡೆ ಯಾರ ಹತ್ರಾದ್ರೂ ಸ್ಯಾಕ್ಸೋಫೋನೋ ಕ್ಲಾರಿನೆಟ್ಟೋ ಇದ್ದು ಅದು ಸರಿಯಾಗಿ ನುಡೀತಿಲ್ಲ ಅಂದ್ರೆ, ಬೆಂಗಳೂರಿಗೆ ಹೊತ್ಕೊಂಡು ಹೋಗೋ ಮುಂಚೆ ಮಂಡಿಪೇಟೆ ಹಿಂದ್ಗಡೆ ಗಲ್ಲೀಲಿರೋ ಈ ಅಂಗಡಿಗೆ ಒಂದ್ಸಲ ಹೋಗಿ. ಬೋರ್ಡಿಲ್ಲ. ಬಾಗಿಲ ಮೇಲೆ ನೆಗ್ಗಿಹೋಗಿರೋ ಯೂಫೋನಿಯಂ ಅನ್ನೋ ಹಿತ್ತಾಳೆ ವಾದ್ಯ ಒಂದನ್ನ ನೇತಾಕಿದಾರೆ, ಅದೇ ಬೋರ್ಡು. ಬ್ಯಾಂಡ್‌ಸೆಟ್‌ನೋರು, ವಾಲಗದೋರು ಯಾರನ್ನ ಕೇಳಿದ್ರೂ ಮೇಸ್ತ್ರಿ ಅಂಗ್ಡಿ ತಾನೆ ಅಂತ ಕೈ ತೋರಿಸ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ. ಆ ಒಂದು ಸ್ಟಾರ್ ಯಾಕೆ ಹೋಯ್ತು ಅನ್ನೋದು ಕೆಳಗೆ ಬರುತ್ತೆ.

ಮಾಮೂಲಿ ರಿವ್ಯೂ ಆಗಿದ್ರೆ ಇಲ್ಲಿಗೇ ಮುಗೀತಿತ್ತು. ಆದ್ರೆ ನಾನು ವಾದ್ಯ ತಗೊಂಡೋಗಿದ್ದು ಮದ್ವೆ ವಾಲಗಕ್ಕಲ್ಲ, ಪಂಕ್ ರಾಕ್ ಅನ್ನೋ ಗಲಾಟೆ ಸಂಗೀತಕ್ಕೆ. ಆಯಪ್ಪ ಮಾಡಿಕೊಟ್ಟ ಕೆಲ್ಸ ಎಂಥದ್ದು ಅಂತ ಗೊತ್ತಾಗ್ಬೇಕಂದ್ರೆ ಕಥೆ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಸಹಿಸ್ಕೊಳ್ಳಿ.

ನನ್ನ ಹತ್ರ ಇರೋದು ಆಲ್ಟೋ ಸ್ಯಾಕ್ಸೋಫೋನ್. ನಮ್ಮ ಸೋದರಮಾವ ಬ್ಯಾಂಡ್‌ಸೆಟ್‌ನಲ್ಲಿ ಊದ್ತಿದ್ದಿದ್ದು, ಮೀರತ್ ಕಡೆ ಮಾಲು. ಬ್ಯಾಂಡ್ ವಾದ್ಯ ಅಂದ್ರೆ ನಮ್ಮ ದೇಶದಲ್ಲಿ ಮೀರತ್ತೇ, ಅಲ್ಲಿ ಜಲೀ ಕೋಠಿ ಅನ್ನೋ ಏರಿಯಾದಲ್ಲಿ ತಲೆತಲಾಂತರದಿಂದ ಇದೇ ಕಸುಬು. ಮಾವನಿಗೆ ಉಬ್ಬಸ ಶುರುವಾದ್ಮೇಲೆ ಅದು ಅಟ್ಟ ಹತ್ತಿದ್ದು ಇಳೀಲೇ ಇಲ್ಲ. ನಾನು ಇಳ್ಸಿದಾಗ ಕುತ್ತಿಗೆ ಕಾರ್ಕು ಪುಡಿಪುಡಿ, ತೂತು ಮುಚ್ಚೋ ಪ್ಯಾಡಿನ ಚರ್ಮ ಒಣಗಿ ಕಲ್ಲಾಗಿದೆ, ಕೆಲವು ಕಡೆ ಒಳಗಿನ ಫೆಲ್ಟ್‌ನ ಹುಳ ತಿಂದಾಕಿದೆ. ಬೆಂಗಳೂರಲ್ಲಿ ಒಂದು ದೊಡ್ಡ ಶೋರೂಮಿಗೆ ತಗೊಂಡೋದ್ರೆ ಅಲ್ಲಿನ ಹುಡುಗ ಕೇಸ್ ಪೂರ್ತಿ ತೆಗೀಲೂ ಇಲ್ಲ, ಸಾರ್ ಇದಕ್ಕೆ ದುಡ್ಡು ಹಾಕೋ ಬದ್ಲು ಇಎಂಐನಲ್ಲಿ ಹೊಸದು ತಗೊಳಿ ಅಂದ. ಸರಿಯಪ್ಪ ಅಂದ್ಕೊಂಡು ಹೆಗಲಿಗೆ ಹಾಕ್ಕೊಂಡು ವಾಪಸ್ ಟ್ರೈನ್ ಹತ್ತಿದೆ.

ಪಂಕ್ ಯಾಕೆ, ಅದರಲ್ಲೂ ಸ್ಯಾಕ್ಸೋಫೋನ್ ಯಾಕೆ ಅಂತ ಕೇಳ್ತೀರ. ನಾವು ನಾಲ್ಕು ಜನ ಕ್ಯಾತ್ಸಂದ್ರದ ಹತ್ರ ಒಂದು ಖಾಲಿ ಗೋಡೌನ್‌ನಲ್ಲಿ ಭಾನುವಾರ ಭಾನುವಾರ ಸೇರ್ತೀವಿ, ಗಿಟಾರು, ಬೇಸು, ಡ್ರಮ್ಮು, ನಾನು. ತುಮಕೂರಲ್ಲಿ ಪಂಕಾ ಅಂತ ನಗೋರು ನಗ್ಲಿ. ಪಂಕ್‌ಗೆ ಬೇಕಾಗಿದ್ದು ಮೂರು ಕಾರ್ಡು, ಸ್ವಲ್ಪ ಸಿಟ್ಟು, ಅಕ್ಕಪಕ್ಕದೋರು ಬೈಯದೇ ಇರೋ ಒಂದು ಜಾಗ, ಮೂರೂ ನಮ್ಮತ್ರ ಇದೆ. ನನಗೆ ಗಿಟಾರ್ ಬರಲ್ಲ. ಮಾವನ ಹತ್ರ ಚಿಕ್ಕೋನಿದ್ದಾಗ ಸರಳೆ ವರಸೆ ಜಂಟಿ ವರಸೆ ತನಕ ಕಲ್ತಿದ್ದು ಮಾತ್ರ ಗೊತ್ತಿತ್ತು. ಪಂಕ್ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಇರ್ಬೋದು ಅಂತ ತಲೆಗೆ ಹೋಗಿದ್ದು ಲೋರಾ ಲಾಜಿಕ್ ಕೇಳಿದ್ಮೇಲೆ.

ಈಯಮ್ಮನ ಕಥೆ ಕೇಳಿ. ನಿಜವಾದ ಹೆಸ್ರು ಸೂಸನ್ ವಿಟ್ಬಿ, 1960ರಲ್ಲಿ ಹುಟ್ಟಿದ್ದು. 1976ರಲ್ಲಿ ಲಂಡನ್ನಲ್ಲಿ ಪಾಲಿ ಸ್ಟೈರೀನ್ ಅಂತ ಒಬ್ಳು ಹುಡುಗಿ, ಅವರಪ್ಪ ಸೋಮಾಲಿಯಾದೋನು, ಹಲ್ಲಿಗೆ ಕ್ಲಿಪ್ ಹಾಕ್ಕೊಂಡೇ ಸ್ಟೇಜ್ ಹತ್ತುತಿದ್ಲು, ತನ್ನ ಹತ್ತೊಂಬತ್ತನೇ ಬರ್ತ್‌ಡೇ ದಿನ ಸೆಕ್ಸ್ ಪಿಸ್ತೂಲ್ಸ್ ಅನ್ನೋ ಪಂಕ್ ಬ್ಯಾಂಡಿನ ಶೋ ನೋಡಿ ಅರೆ ಇದನ್ನ ನಾನೂ ಮಾಡ್ಬೋದಲ್ಲ ಅಂತ ಮ್ಯೂಸಿಕ್ ಪೇಪರಲ್ಲಿ ಆಡ್ ಕೊಟ್ಟು ಬ್ಯಾಂಡ್ ಕಟ್ಟಿದ್ಲು. ಎಕ್ಸ್-ರೇ ಸ್ಪೆಕ್ಸ್ ಅಂತ. ಆ ಆಡ್ ನೋಡಿ ಬಂದೋರಲ್ಲಿ ಲೋರಾನೂ ಒಬ್ಳು, ಆಗಿನ್ನೂ ಸ್ಕೂಲಿಗೆ ಹೋಗ್ತಿದ್ದ ಹುಡುಗಿ. ಅದೇ ಹೊತ್ತಲ್ಲಿ ಲಂಡನ್ನಲ್ಲಿ ಪಂಕ್ ಅಂದ್ರೆ ಲೆದರ್ ಜಾಕೆಟ್ ಹಾಕಿರೋ ಗಂಡು ಹುಡುಗ್ರು, ಗಿಟಾರ್, ಉಗಿಯೋದು, ಕಿರುಚೋದು. ಅದರ ಮಧ್ಯೆ ಇಬ್ರು ಟೀನೇಜ್ ಹುಡುಗೀರು, ಒಬ್ಳು ಗಂಟಲು ಹರ್ಕೊಂಡು ಹಾಡ್ತಾಳೆ, ಇನ್ನೊಬ್ಳು ಅವಳ ಸಮಕ್ಕೆ ಸ್ಯಾಕ್ಸೋಫೋನಲ್ಲಿ ಕಿರುಚ್ತಾಳೆ.

1977ರಲ್ಲಿ ಬಂದ ಅವರ ಫಸ್ಟ್ ಸಿಂಗಲ್ ಕೇಳಿದ್ರೆ ಗೊತ್ತಾಗುತ್ತೆ. ಸ್ಯಾಕ್ಸೋಫೋನ್ ಅಲ್ಲಿ ಸೋಲೋ ನುಡಿಸೋಕೆ ಬಂದಿಲ್ಲ, ಹಾಡು ಶುರುವಾದ ಕ್ಷಣದಿಂದ ಹಾಡುಗಾರ್ತಿ ಪಕ್ಕದಲ್ಲೇ ನಿಂತು ಜಗಳಕ್ಕೆ ಸೇರ್ಕೊಂಡಿರುತ್ತೆ. ನುಣುಪಿಲ್ಲ, ರೊಮ್ಯಾನ್ಸಿಲ್ಲ. ಸ್ಯಾಕ್ಸೋಫೋನ್ ಅಂದ್ರೆ ಹೋಟೆಲ್ ಲಾಬಿಯಲ್ಲಿ ಸಂಜೆ ಹೊತ್ತು ಕೇಳೋ ಮೆತ್ತಗಿನ ಸೌಂಡ್ ಅಂದ್ಕೊಂಡಿರೋರು ಆ ಎರಡೂಮುಕ್ಕಾಲೋ ಮೂರೋ ನಿಮಿಷ ಕೇಳಿ ಸಾಕು. ಶ್ರುತಿ ಅಲ್ಲಲ್ಲಿ ಆಚೀಚೆ ಆಗುತ್ತೆ, ಹೌದು. ಅದನ್ನ ಸರಿ ಮಾಡಿದ್ರೆ ಹಾಡು ಸತ್ತೋಗುತ್ತೆ ಅನ್ನೋದು ನನ್ನ ಅಭಿಪ್ರಾಯ. ಕೋವೆಂಟ್ ಗಾರ್ಡನ್‌ನಲ್ಲಿದ್ದ ರಾಕ್ಸಿ ಅನ್ನೋ ಕ್ಲಬ್ಬಲ್ಲಿ ಅದೇ ವರ್ಷ ಲೈವ್ ರೆಕಾರ್ಡ್ ಮಾಡಿದ ಆಲ್ಬಂನಲ್ಲೂ ಇವರ ಹಾಡಿದೆ, ಅದು ಇನ್ನೂ ಒರಟು.

ಆಮೇಲೆ ಆಗಿದ್ದು ಬೇಜಾರಿನ ವಿಷ್ಯ. ಆ ಬ್ಯಾಂಡಿನ ಫುಲ್ ಆಲ್ಬಂ 1978ರಲ್ಲಿ ಬಂತು, ಅಷ್ಟೊತ್ತಿಗೆ ಲೋರಾ ಬ್ಯಾಂಡಲ್ಲೇ ಇಲ್ಲ. ಯಾಕೆ ತೆಗೆದಾಕಿದ್ರು ಅನ್ನೋದಕ್ಕೆ ಕಥೆಗಳು ಬೇಕಾದಷ್ಟಿವೆ, ಜನ ಹಾಡೋಳಿಗಿಂತ ಊದೋಳನ್ನ ಜಾಸ್ತಿ ನೋಡ್ತಿದ್ರು ಅನ್ನೋದೂ ಅದರಲ್ಲಿ ಒಂದು. ಆಲ್ಬಂನಲ್ಲಿ ಊದಿರೋದು ರೂಡಿ ಥಾಮ್ಸನ್ ಅನ್ನೋನು. ಚೆನ್ನಾಗೇ ಊದಿದಾನೆ, ಶ್ರುತೀಲೂ ಇದಾನೆ, ಏನೂ ಅನ್ನಂಗಿಲ್ಲ. ಆದ್ರೂ ಆ ಆಲ್ಬಂಗೆ ಎಲ್ಲರೂ ಜೀವ ಬಿಡ್ತಾರಲ್ಲ, ನನ್ನ ಕೇಳಿದ್ರೆ ನಾನು ಮೊದಲ ಸಿಂಗಲ್ಲಿಗೇ ವೋಟ್ ಹಾಕೋದು.

ಹುಡುಗಿ ಸುಮ್ನೆ ಮನೇಲಿ ಕೂರ್ಲಿಲ್ಲ. ಎಸೆನ್ಷಿಯಲ್ ಲಾಜಿಕ್ ಅಂತ ತನ್ನದೇ ಬ್ಯಾಂಡ್ ಮಾಡಿದ್ಲು, ಈಗ ಹಾಡೋದೂ ತಾನೇ ಊದೋದೂ ತಾನೇ. 1979ರಲ್ಲಿ ರಫ್ ಟ್ರೇಡ್ ಲೇಬಲ್‌ನಿಂದ ಆಲ್ಬಂ. ರೈನ್‌ಕೋಟ್ಸ್, ರೆಡ್ ಕ್ರೇಯೋಲಾ ಅಂತ ಬೇರೆ ಬ್ಯಾಂಡ್‌ಗಳ ರೆಕಾರ್ಡಲ್ಲೂ ಹೋಗಿ ಊದಿ ಬಂದ್ಲು. ಒಂದೇ ಊರಿನ ಸೀನ್ ಅಂದ್ರೆ ಹಂಗೇ ಅಲ್ವ, ನಮ್ಮಲ್ಲಿ ಒಬ್ಬ ಡೋಲಿನೋನು ಆ ಸೆಟ್ಟಲ್ಲಿ ಬೆಳಿಗ್ಗೆ ಈ ಸೆಟ್ಟಲ್ಲಿ ಸಾಯಂಕಾಲ ಬಾರಿಸ್ತಾನೆ. 1982ರಲ್ಲಿ ಸೋಲೋ ಆಲ್ಬಂ ಬಂತು. ಆಮೇಲೆ ಹರೇ ಕೃಷ್ಣ ಸೇರ್ಕೊಂಡ್ಬಿಟ್ಲು! ಪಾಲಿ ಸ್ಟೈರೀನ್ ಕೂಡ ಅದೇ ದಾರಿ. ಲಂಡನ್ ಹೊರಗಡೆ ಭಕ್ತಿವೇದಾಂತ ಮ್ಯಾನರ್ ಅಂತ ಇದೆ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1973ರಲ್ಲಿ ಇಸ್ಕಾನ್‌ನೋರಿಗೆ ಕೊಡ್ಸಿದ್ದು, ಒಂದು ಕಾಲದಲ್ಲಿ ಒಬ್ಬರನ್ನೊಬ್ಬರು ದೂರ ಮಾಡ್ಕೊಂಡಿದ್ದೋರು ಒಂದೇ ದೇವರ ಹತ್ರ ಬಂದು ಸೇರಿದ್ರು. 1995ರಲ್ಲಿ ಎಕ್ಸ್-ರೇ ಸ್ಪೆಕ್ಸ್ ಎರಡನೇ ಆಲ್ಬಂ ಬಂದಾಗ ಅದರಲ್ಲಿ ಸ್ಯಾಕ್ಸೋಫೋನ್ ಮತ್ತೆ ಲೋರಾದೇ. ಈ ಕಥೆ ಹೇಳಿದ್ಮೇಲೆ ನಮ್ಮಮ್ಮ ಪ್ರಾಕ್ಟೀಸ್ ಬಗ್ಗೆ ಗೊಣಗೋದು ಕಮ್ಮಿ ಮಾಡಿದಾರೆ, ಇಸ್ಕಾನ್ ಅಂದ್ರೆ ರಾಜಾಜಿನಗರದ್ದು ತಾನೆ, ಒಳ್ಳೇ ಹುಡುಗಿ ಬಿಡು ಅಂತ.

ಸರಿ, ಅಂಗಡಿಗೆ ಬರೋಣ.

ಅಂಗಡಿ ಒಂದು ಕಾರ್ ಗ್ಯಾರೇಜಿಗಿಂತ ಚಿಕ್ಕದು. ಒಳಗೆ ಕಾಲಿಡೋಕೆ ಜಾಗ ಇಲ್ಲ, ಸೂಸಾಫೋನ್ ಬೆಲ್ಲು, ಟ್ರಂಪೆಟ್ಟು, ಸೈಡ್ ಡ್ರಮ್ಮಿನ ರಿಂಗು, ತಂತಿ, ಸ್ಪಿರಿಟ್ ಸ್ಟವ್. ಗೋಡೆ ಮೇಲೆ ಕದ್ರಿ ಗೋಪಾಲನಾಥ್ ಫೋಟೋ, ಅದಕ್ಕೆ ದಿನಾ ಹೂವ ಹಾಕ್ತಾರೆ. ಮೇಸ್ತ್ರಿಗೆ ವಯಸ್ಸಾಗಿದೆ, ಮಾತು ಕಮ್ಮಿ, ಮಗ ಅಂಗಡೀಲಿ ಇರ್ತಾನೆ ಆದ್ರೆ ಅವನಿಗೆ ಫೋನೇ ಪ್ರಪಂಚ. ಕೇಸ್ ಬಿಚ್ಚಿ ಕೊಟ್ಟೆ. ಆಯಪ್ಪ ಊದ್ಲಿಲ್ಲ. ಅಂಗಡಿ ಶಟರ್ ಅರ್ಧ ಎಳ್ದು ಕತ್ತಲೆ ಮಾಡಿ, ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನ ಎಲ್‌ಇಡಿ ದಾರ ಇರುತ್ತಲ್ಲ, ಅದನ್ನ ಸ್ಯಾಕ್ಸೋಫೋನ್ ಕೊಳವೆ ಒಳಗೆ ಬಿಟ್ರು. ಒಂದೊಂದೇ ಕೀ ಮೆಲ್ಲಗೆ ಒತ್ತೋದು, ಪ್ಯಾಡ್ ಅಂಚಲ್ಲಿ ಎಲ್ಲಿ ಬೆಳಕು ಸೋರುತ್ತೆ ನೋಡೋದು. ಎಲ್ಲಾ ಕಡೆನೂ ಸೋರ್ತಿತ್ತು. ಆಮೇಲೆ ಸಿಗರೇಟ್ ಪೇಪರಿನ ಸಣ್ಣ ಚೂರು ಪ್ಯಾಡ್ ಕೆಳಗಿಟ್ಟು, ಕೀ ಒತ್ತಿ, ಪೇಪರ್ ಎಳೆಯೋದು. ಒಂದು ಕಡೆ ಬಿಗಿಯಾಗಿ ಹಿಡ್ಕೊಳುತ್ತೆ, ಇನ್ನೊಂದು ಕಡೆ ಸಲೀಸಾಗಿ ಜಾರಿ ಬರುತ್ತೆ, ಅಂದ್ರೆ ಪ್ಯಾಡ್ ಓರೆ ಕೂತಿದೆ ಅಂತ. ನನ್ನ ಕೈಗೂ ಕೊಟ್ಟು ಎಳೆದು ನೋಡು ಅಂದ್ರು. ಶೋರೂಮಿನ ಹುಡುಗ ನೋಡದೇ ಇದ್ದಿದ್ದನ್ನೆಲ್ಲ ಈಯಪ್ಪ ಹತ್ತು ನಿಮಿಷದಲ್ಲಿ ಓದಿಬಿಟ್ರು.

ಆಮೇಲೆ ಕೇಳಿದ ಪ್ರಶ್ನೆ ಇದೆಯಲ್ಲ, ಅದಕ್ಕೇ ನಾನು ಈ ರಿವ್ಯೂ ಬರೀತಿರೋದು. "ಕೂತ್ಕೊಂಡು ಕಚೇರಿ ನುಡಿಸ್ತೀಯೋ, ಮೆರವಣಿಗೇಲಿ ನಿಂತ್ಕೊಂಡು ಊದ್ತೀಯೋ?"

ಎರಡೂ ಅಲ್ಲ ಮೇಸ್ತ್ರಿ ಅಂತ ಫೋನಲ್ಲಿ ಆ 1977ರ ಹಾಡು ಹಾಕಿ ಕೇಳಿಸಿದೆ. ಪೂರ್ತಿ ಕೇಳಿದ್ರು, ಮುಖ ಸಿಂಡರಿಸ್ಲಿಲ್ಲ. ಹಾಡು ಮುಗಿದ್ಮೇಲೆ, "ಗಟ್ಟಿಮೇಳ ಇದು. ಮುಹೂರ್ತ ಆಗೋಗಿದ್ರೂ ಇವರು ನಿಲ್ಲಿಸಿಲ್ಲ ಅಷ್ಟೆ" ಅಂದ್ರು.

ಗುರು, ನಾನು ಪಂಕ್ ಬಗ್ಗೆ ಎಷ್ಟೋ ಓದಿದೀನಿ, ಇಷ್ಟು ಸರಿಯಾಗಿ ಹೇಳಿದೋರು ಸಿಕ್ಕಿಲ್ಲ. ಗಟ್ಟಿಮೇಳ ಯಾಕೆ ಬಾರಿಸೋದು? ತಾಳಿ ಕಟ್ಟೋ ಹೊತ್ತಲ್ಲಿ ಯಾರೋ ಸೀನೋದು, ಅಪಶಕುನದ ಮಾತು, ಏನೂ ಕಿವಿಗೆ ಬೀಳ್ಬಾರ್ದು ಅಂತ. ಆಗ ರಾಗಭಾವ ನೋಡೋರು ಯಾರೂ ಇಲ್ಲ, ಇದ್ದ ಉಸಿರೆಲ್ಲ ಹಾಕಿ ಊದೋದು, ಡೋಲಿನೋನು ಕೈ ಬಿದ್ದೋಗೋ ಹಂಗೆ ಬಾರಿಸೋದು. ಆ ಗಲಾಟೆಗೆ ಒಂದು ಕೆಲ್ಸ ಇದೆ. ಲೋರಾ ಊದಿದ್ದೂ ಅಂಥದ್ದೇ ಕೆಲ್ಸಕ್ಕೆ, ಸುಮ್ನಿರು ಅಂತ ಹೇಳೋರ ಮಾತು ಕಿವಿಗೆ ಬೀಳ್ದೇ ಇರ್ಲಿ ಅಂತ.

ಹಂಗೆ ನೋಡಿದ್ರೆ ಈ ವಾದ್ಯ ಹುಟ್ಟಿದ್ದೇ ಜೋರಾಗಿ ಕೇಳಿಸ್ಲಿ ಅಂತ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಲ್ಲಿ ಪೇಟೆಂಟ್ ತಗೊಂಡ, ಮೊದ್ಲು ಹಿಡ್ಕೊಂಡೋರು ಫ್ರೆಂಚ್ ಮಿಲಿಟರಿ ಬ್ಯಾಂಡ್‌ನೋರು. ಮೈ ಹಿತ್ತಾಳೆ, ಬಾಯಲ್ಲಿ ಬಿದಿರಿನ ಜಾತಿಯ ರೀಡು, ಬಯಲಲ್ಲಿ ಊದಿದ್ರೂ ದೂರ ಹೋಗ್ಬೇಕು. ಮಿಲಿಟರಿ ಬ್ಯಾಂಡಿಂದ ಅರಮನೆ ಬ್ಯಾಂಡು, ಅಲ್ಲಿಂದ ಮದ್ವೆ ಬ್ಯಾಂಡ್‌ಸೆಟ್ಟು, ವಾಲಗ. ಬಂಟ್ವಾಳ ತಾಲೂಕಿನ ಸಜಿಪದ ನಾಗಸ್ವರದ ಮನೆತನದ ಹುಡುಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಲ್ಲಿ ಇದನ್ನ ಕೇಳಿ ಮರುಳಾಗಿ, ಗಮಕ ಬರೋ ಹಂಗೆ ವಾದ್ಯಾನೇ ಬದಲಾಯಿಸ್ಕೊಂಡು, ವರ್ಷಗಟ್ಲೆ ಒದ್ದಾಡಿ ಸಭೆಗೆ ತಂದು ಕೂರಿಸಿದ್ದು ದೊಡ್ಡ ಸಾಧನೆ. ಕದ್ರಿಯವರು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದ್ರು, ಅದರ ಮುಂದಿನ ವರ್ಷಾನೇ ಲೋರಾ ವಾಪಸ್ ಬಂದ ಆಲ್ಬಂ. ಇಬ್ರಿಗೂ ಸಂಬಂಧ ಏನೂ ಇಲ್ಲ, ಸುಮ್ನೆ ಹೇಳ್ದೆ. ನಾನು ಹೇಳೋದೇನಂದ್ರೆ ಸಭೆಗೆ ಬಂದ ಸ್ಯಾಕ್ಸೋಫೋನನ್ನ ಎಲ್ರೂ ಹೊಗಳ್ತಾರೆ, ಬೀದೀಲಿ ಉಳ್ಕೊಂಡ ಸ್ಯಾಕ್ಸೋಫೋನನ್ನ ಯಾರೂ ಲೆಕ್ಕಕ್ಕೆ ಇಡಲ್ಲ. ಮೇಸ್ತ್ರಿ ಹೊಟ್ಟೆಪಾಡು ನಡೀತಿರೋದು ಬೀದಿಯದ್ರಿಂದ. ಪಂಕ್‌ಗೆ ಬೇಕಾಗಿರೋದೂ ಅದೇ.

ಏನೇನು ಮಾಡಿದ್ರು ಅಂದ್ರೆ, ಪ್ಯಾಡೆಲ್ಲ ಕಿತ್ತು ಹೊಸದು ಹಾಕಿದ್ರು. ಅಂಟಿಸೋಕೆ ಅರಗು. ಸ್ಪಿರಿಟ್ ಸ್ಟವ್ ಮೇಲೆ ಕೀ ಬಟ್ಟಲು ಬಿಸಿ ಮಾಡಿ, ಅರಗು ಕರಗಿದಾಗ ಪ್ಯಾಡ್ ಇಟ್ಟು, ಆರೋ ಮುಂಚೆ ಚೂರು ಆ ಕಡೆ ಚೂರು ಈ ಕಡೆ ಒತ್ತಿ ಕೂರಿಸೋದು, ಮತ್ತೆ ಸಿಗರೇಟ್ ಪೇಪರ್, ಮತ್ತೆ ಬಿಸಿ. ನೋಡ್ತಾ ನಿಂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಕುತ್ತಿಗೆಗೆ ಹೊಸ ಕಾರ್ಕು. ಸತ್ತೋಗಿದ್ದ ಸೂಜಿ ಸ್ಪ್ರಿಂಗ್ ಕೆಲವನ್ನ ಬದಲಾಯಿಸಿದ್ರು. ಮುಖ್ಯವಾಗಿ ಕೀಗಳು ತೆರೆಯೋ ಎತ್ತರ ಜಾಸ್ತಿ ಮಾಡಿದ್ರು. ಕಚೇರಿಯೋರು ಕೀ ತಗ್ಗಿಸಿ ಸ್ಪ್ರಿಂಗ್ ಮೆತ್ತಗೆ ಇಡಿಸ್ಕೊತಾರಂತೆ, ಬೆರಳು ಓಡ್ಬೇಕು ಅಂತ. ಬೀದಿಯೋರಿಗೆ ಎತ್ತರ ಜಾಸ್ತಿ, ತೂತಿಂದ ಗಾಳಿ ಧಾರಾಳವಾಗಿ ಹೊರಗೆ ಬಂದ್ರೆ ಸೌಂಡ್ ಬಿಚ್ಕೊಳುತ್ತೆ. ಶ್ರುತಿ ಒಂಚೂರು ಮೇಲೇರುತ್ತೆ, ಮೌತ್‌ಪೀಸ್ ಹೊರಗೆಳ್ಕೊ ಅಂದ್ರು, ಅಷ್ಟೇ ಪರಿಹಾರ.

ಇನ್ನೊಂದು ವಿಷ್ಯ, ಇದು ಊದೋರಿಗೆ ಮಾತ್ರ ಅರ್ಥ ಆಗೋದು, ಬೇಡದೋರು ಈ ಪ್ಯಾರಾ ಬಿಟ್ಬಿಡಿ. ಗಿಟಾರ್‌ನೋರಿಗೆ ಇ, ಎ ಸ್ಕೇಲ್ ಅಂದ್ರೆ ಪ್ರಾಣ, ಖಾಲಿ ತಂತಿ ಸಿಗುತ್ತೆ. ಆಲ್ಟೋ ಇ ಫ್ಲಾಟ್ ವಾದ್ಯ, ಅವರ ಇ ನಮಗೆ ಸಿ ಶಾರ್ಪ್ ಆಗುತ್ತೆ, ಅವರ ಎ ನಮಗೆ ಎಫ್ ಶಾರ್ಪ್. ಎರಡು ಸ್ಕೇಲಲ್ಲೂ ಜಿ ಶಾರ್ಪ್, ಸಿ ಶಾರ್ಪ್ ತಪ್ಪಿಸ್ಕೊಳೋ ಹಂಗಿಲ್ಲ, ಎಡಗೈ ಕಿರುಬೆರಳಿಗೆ ನರಕ. ಅದರಲ್ಲಿ ಜಿ ಶಾರ್ಪ್ ಪ್ಯಾಡ್ ಯಾವಾಗ್ಲೂ ಮುಚ್ಕೊಂಡೇ ಇರುತ್ತೆ, ಎಂಜಲು ಒಣಗಿ ತೂತಿಗೆ ಅಂಟ್ಕೊಂಡ್ರೆ ನೀವು ಒತ್ತಿದ್ರೂ ಅಲ್ಲಿನ ಸ್ಪ್ರಿಂಗಿಗೆ ಎತ್ತೋ ತಾಕತ್ತಿಲ್ಲ, ಜಿ ಶಾರ್ಪ್ ಬದ್ಲು ಬರೀ ಜಿ ನುಡಿಯುತ್ತೆ, ಇಡೀ ಬ್ಯಾಂಡ್ ನಿಮ್ಮ ಕಡೆ ತಿರುಗಿ ನೋಡುತ್ತೆ. ವಾಲಗದೋರು ತಮಗೆ ಬೇಕಾದ ಶ್ರುತಿ ಇಟ್ಕೊತಾರೆ, ಈ ತಾಪತ್ರಯ ಅಷ್ಟಿಲ್ಲ. ನಾನು ಇದನ್ನ ಹೇಳಿದ್ಮೇಲೆ ಮೇಸ್ತ್ರಿ ಆ ಒಂದು ಸ್ಪ್ರಿಂಗ್ ಮಾತ್ರ ದಪ್ಪದ್ದು ಹಾಕಿ, ತೂತಿನ ಅಂಚನ್ನ ಒರೆಸಿ ಕ್ಲೀನ್ ಮಾಡಿ ಕೊಟ್ರು. ಜೊತೆಗೆ ಸಕ್ಕರೆ ಹಾಕಿದ ಟೀ ಕುಡಿದು ಬಾಯಿ ಮುಕ್ಕಳಿಸ್ದೆ ಊದಿದ್ರೆ ಮತ್ತೆ ನನ್ನ ಹತ್ರ ಬರ್ಬೇಡ ಅಂತ ಬೈಗುಳ ಫ್ರೀ.

ಈಗ ರಿಸಲ್ಟು. ಕೆಳಗಿನ ಬಿ ಫ್ಲಾಟ್, ಅಂದ್ರೆ ಆಲ್ಟೋದಲ್ಲಿ ಎಲ್ಲಕ್ಕಿಂತ ತಗ್ಗಿನ ಸ್ವರ, ಮೊದಲು ಗೊರಗೊರ ಅಂತ ಒಡೀತಿತ್ತು, ಮೇಲೆ ಎಲ್ಲಿ ಗಾಳಿ ಸೋರಿದ್ರೂ ಏಟು ಬೀಳೋದು ಈ ಸ್ವರಕ್ಕೇ. ಈಗ ಒಂದೇ ಊದಿಗೆ ಭೋರ್ ಅಂತ ಬರುತ್ತೆ, ಗೋಡೌನ್ ಶೀಟು ನಡುಗುತ್ತೆ. ಮೈಕ್ ಇಲ್ದೇನೇ ಗಿಟಾರ್ ಆಂಪ್ ಎದುರಿಗೆ ನಿಂತ್ಕೋಬೋದು. ಗಂಟಲಲ್ಲಿ ಗುನುಗ್ತಾ ಊದಿದ್ರೆ ಗುರ್ರ್ ಅನ್ನೋ ಸೌಂಡ್ ಬರುತ್ತಲ್ಲ, ಸೋರೋ ವಾದ್ಯದಲ್ಲಿ ಅದು ಹಿಡಿತಕ್ಕೇ ಸಿಗ್ತಿರ್ಲಿಲ್ಲ, ಈಗ ಬೇಕಾದಾಗ ಬರುತ್ತೆ ಬೇಕಾದಾಗ ನಿಲ್ಲುತ್ತೆ. ಎರಡನೇ ಸ್ಥಾಯಿಯ ಮೇಲಿನ ಸ್ವರಗಳು ಇನ್ನೂ ಸ್ವಲ್ಪ ಏರೇ ಇದೆ, ಅದು ವಾದ್ಯದ ಹುಟ್ಟುಗುಣ, ರಿಪೇರಿಯೋರ ತಪ್ಪಲ್ಲ, ತುಟೀಲಿ ಸರಿ ಮಾಡ್ಕೋಬೇಕು.

ಒರಟು ಸೌಂಡ್ ಬೇಕು ಅಂದ್ರೆ ಕೆಟ್ಟ ವಾದ್ಯ ಇದ್ರೂ ನಡೆಯುತ್ತೆ ಅಂತ ನಮ್ಮ ಡ್ರಮ್ಮರ್ ವಾದ. ನಾನು ಒಪ್ಪಲ್ಲ. ನ್ಯೂಯಾರ್ಕಿನ ಸ್ಯಾಕ್ಸೋಫೋನಿಸ್ಟ್ ಜೇಮ್ಸ್ ಚಾನ್ಸ್ ತಗೊಳಿ. 1953ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿ, ಕನ್ಸರ್ವೇಟರೀಲಿ ಕಲ್ತು, ಜಾಝ್ ನುಡಿಸ್ತೀನಿ ಅಂತ ನ್ಯೂಯಾರ್ಕಿಗೆ ಬಂದು, ಕಂಟಾರ್ಷನ್ಸ್ ಅನ್ನೋ ಬ್ಯಾಂಡ್ ಕಟ್ಕೊಂಡು, ಸೂಟ್ ಹಾಕಿ ಸ್ಟೇಜಿಂದ ಇಳಿದು ಜನರ ಜೊತೆ ಹೊಡೆದಾಡ್ತಿದ್ದ ಪುಣ್ಯಾತ್ಮ. 1978ರಲ್ಲಿ ಬ್ರಯನ್ ಈನೋ ಅನ್ನೋ ಪ್ರೊಡ್ಯೂಸರ್ ನಾಲ್ಕು ಬ್ಯಾಂಡ್‌ಗಳನ್ನ ಸೇರಿಸಿ ಮಾಡಿದ ಆಲ್ಬಂನಲ್ಲಿ ಇವನ ಹಾಡುಗಳು ಮೊದಲಿಗೇ ಇವೆ. ಕಿರುಚಾಟ ಅಂತ ಅನ್ಸುತ್ತೆ, ಆದ್ರೆ ಗಮನ ಇಟ್ಟು ಕೇಳಿದ್ರೆ ಪ್ರತಿ ಕೀರಲೂ ಡ್ರಮ್ ಏಟಿನ ಮೇಲೇ ಬಂದು ಕೂರುತ್ತೆ. ಗಾಳಿ ಸೋರೋ ವಾದ್ಯದಲ್ಲಿ ಅದು ಆಗೋ ಮಾತಲ್ಲ. 2024ರ ಜೂನ್‌ನಲ್ಲಿ ತೀರ್ಕೊಂಡ. ಅವನಿಗಿಂತ ಮುಂಚೆ, ಪಂಕ್ ಅನ್ನೋ ಹೆಸ್ರು ಚಾಲ್ತಿಗೆ ಬರೋಕೂ ಮೊದ್ಲು, 1970ರಲ್ಲಿ ಸ್ಟೂಜಸ್ ಅನ್ನೋ ಬ್ಯಾಂಡಿನ ಎರಡನೇ ಆಲ್ಬಂನಲ್ಲಿ ಸ್ಟೀವ್ ಮೆಕೇ ಊದಿದ್ದು, ಆ ಎಲ್‌ಪಿಯ ಎರಡನೇ ಸೈಡ್ ಪೂರ್ತಿ ಅವನದೇ ದರ್ಬಾರು. ಕೆಲವೇ ತಿಂಗಳಲ್ಲಿ ಅವನನ್ನೂ ಬ್ಯಾಂಡಿಂದ ಕಳ್ಸಿದ್ರು, ಮೂವತ್ತು ವರ್ಷ ದಾಟಿದ್ಮೇಲೆ 2003ರಲ್ಲಿ ಬ್ಯಾಂಡ್ ಮತ್ತೆ ಸೇರಿದಾಗ ಬಾರಪ್ಪ ಅಂತ ಕರೆದ್ರು, 2015ರಲ್ಲಿ ಹೋಗ್ಬಿಟ್ಟ. ಲೋರಾದೂ ಅದೇ ಆಯ್ತಲ್ಲ. ಪಂಕ್ ಬ್ಯಾಂಡಲ್ಲಿ ಸ್ಯಾಕ್ಸೋಫೋನಿನೋರಿಗೆ ಕೆಲ್ಸ ಯಾವತ್ತೂ ಪರ್ಮನೆಂಟ್ ಅಲ್ಲ ಅನ್ಸುತ್ತೆ, ನಮ್ಮ ಗಿಟಾರಿಸ್ಟ್ ಇದನ್ನ ಓದ್ತಿದ್ರೆ ತಲೆ ಕೆಡಿಸ್ಕೋಬೇಡಪ್ಪ.

ಒಂದು ಸ್ಟಾರ್ ಕಟ್ ಮಾಡಿದ್ದು ಟೈಮ್ ವಿಷ್ಯಕ್ಕೆ. ನಾಳೆ ಬಾ ಅಂದ್ರೆ ನಾಳೆ ಅಲ್ಲ, ಬರೋ ವಾರ ಅಂದ್ರೆ ಆ ವಾರಾನೂ ಅಲ್ಲ. ನಾನು ಕೊಟ್ಟಿದ್ದು ವೈಶಾಖದಲ್ಲಿ, ಮದ್ವೆ ಸೀಸನ್ನು, ವಾಲಗದೋರು ರಾತ್ರಿ ಹತ್ತಕ್ಕೆ ಬಂದು ಬೆಳಗಿನ ಜಾವ ನಾಲ್ಕಕ್ಕೆ ಛತ್ರದಲ್ಲಿರ್ಬೇಕು ಮೇಸ್ತ್ರಿ ಅಂತ ನಿಂತ್ಕೊತಾರೆ, ಅವರ ಮುಂದೆ ನನ್ನ ಪಂಕ್ ಬ್ಯಾಂಡಿನ ಅರ್ಜೆಂಟ್ ಯಾರು ಕೇಳ್ತಾರೆ. ನ್ಯಾಯಾನೇ ಬಿಡಿ, ಅವರ ಊಟದ ವಿಷ್ಯ ಅದು. ಆದ್ರೂ ಫೋನ್ ಎತ್ತಿ ಇವತ್ತು ಆಗಿಲ್ಲ ಅಂತ ಹೇಳೋಕೆ ಮಗನಿಗೇನು ಕಷ್ಟ, ಇಡೀ ದಿನ ಫೋನ್ ಕೈಲೇ ಇರುತ್ತೆ. ಕೊಡೋದಾದ್ರೆ ಆಷಾಢದಲ್ಲಿ ಕೊಡಿ, ಅಂಗಡಿ ಖಾಲಿ ಇರುತ್ತೆ, ಮೇಸ್ತ್ರಿ ಮೂಡೂ ಚೆನ್ನಾಗಿರುತ್ತೆ, ಕೂರಿಸ್ಕೊಂಡು ಹೇಳಿಕೊಡ್ತಾರೆ. ಗಾಡಿ ತಗೊಂಡೋಗ್ಬೇಡಿ, ಮಂಡಿಪೇಟೇಲಿ ಲೋಡ್ ಇಳಿಸೋ ಲಾರಿಗಳ ಮಧ್ಯೆ ಪಾರ್ಕಿಂಗ್ ಅನ್ನೋದು ಕನಸು.

ದುಡ್ಡು? ಶೋರೂಮಿನೋರು ಹೇಳಿದ ಹೊಸ ವಾದ್ಯದ ರೇಟಲ್ಲಿ ಹತ್ತನೇ ಒಂದು ಭಾಗಾನೂ ಆಗ್ಲಿಲ್ಲ. ಬಿಲ್ ಗಿಲ್ ಏನೂ ಇಲ್ಲ, ಕ್ಯಾಲೆಂಡರ್ ಹಾಳೆ ಹಿಂದೆ ಪೆನ್ಸಿಲಲ್ಲಿ ಬರ್ದು ಕೊಡ್ತಾರೆ. ಚೌಕಾಸಿ ಮಾಡೋಕೆ ಹೋಗ್ಬೇಡಿ, ನಾನು ನೋಡ್ತಿದ್ದ ಹಾಗೇ ಒಬ್ಬ ಕಮ್ಮಿ ಮಾಡ್ಕೊಳಿ ಅಂದಿದ್ದಕ್ಕೆ ಹಾಕಿದ ಪ್ಯಾಡೆಲ್ಲ ಕಿತ್ತು ಕೈಗೆ ಕೊಡೋಕೆ ರೆಡಿ ಆಗಿದ್ರು. ಪಾಲಿಶ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ, ಇದು ನನ್ನ ಸಲಹೆ. ಮೆರವಣಿಗೆಯೋರಿಗೆ ಫಳಫಳ ಅನ್ನೋದು ಬೇಕು, ಅದಕ್ಕೆ ತಿಕ್ಕಿ ತಿಕ್ಕಿ ಮೇಲಿನ ಲ್ಯಾಕರ್ ಕೋಟಿಂಗನ್ನೂ ತೆಗೆದಾಕ್ತಾರೆ, ನಮಗೆ ಅದು ಬೇಕಾಗಿಲ್ಲ.

ರೀಡ್ ಮಾತ್ರ ಅಲ್ಲಿ ತಗೋಬೇಡಿ. ಅವರ ಹತ್ರ ಇರೋದು ಎರಡೂವರೆ ನಂಬರ್ ಒಂದೇ (ನಂಬರ್ ಏರಿದಷ್ಟೂ ರೀಡ್ ಗಟ್ಟಿ), ಅದೂ ಡಬ್ಬಿ ತೆಗೆದು ಎಷ್ಟು ಕಾಲ ಆಗಿದ್ಯೋ, ಒಣಗಿ ತುದಿ ಅಲೆಅಲೆಯಾಗಿ ಏಳ್ತವೆ. ಜೋರಾಗಿ ಊದೋರಿಗೆ ಎರಡೂವರೆ ಸಾಲಲ್ಲ, ಒತ್ತಿ ಊದಿದ್ರೆ ಮುಚ್ಕೊಂಡು ಸೌಂಡ್ ನಿಂತೋಗುತ್ತೆ. ನಾನು ಮೂರು ನಂಬರಿಂದು ಆನ್‌ಲೈನಲ್ಲಿ ತರ್ಸ್ಕೊತೀನಿ, ಒಂದೇ ಸಲ ಒಂದು ಬಾಕ್ಸು, ಅದರಲ್ಲಿ ಅರ್ಧ ಚೆನ್ನಾಗಿದ್ರೆ ನಿಮ್ಮ ಅದೃಷ್ಟ. ಉಳಿದಿದ್ದನ್ನ ಮೇಸ್ತ್ರಿಗೆ ಕೊಟ್ರೆ ಬ್ಲೇಡಲ್ಲಿ ಹೆರೆದು ಎರಡು ಮೂರನ್ನ ಬದುಕಿಸಿ ಕೊಡ್ತಾರೆ, ಅದಕ್ಕೆ ದುಡ್ಡು ತಗೊಳಲ್ಲ.